ಹೊನ್ನೇಮರದ ಗೇಟಿನ ಕ್ಯಾರಿಯರ್‌ಗಳು

ಹೊಸದಾಗಿ ಕೆಲಸಕ್ಕೆ ಸೇರಿದ ಕಂಡಕ್ಟರ್ ಹುಡುಗರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಕುಡುಕರನ್ನು ಹೇಗೆ ಸಂಭಾಳಿಸುತ್ತಿದ್ದಿರಿ, ಮೇಲಧಿಕಾರಿಗಳ ಕಾಟ ಎಷ್ಟಿತ್ತು ಎಂದು ಕೇಳುತ್ತಾರೆ. ಕುಡುಕರು ಸುಲಭ ಕಣ್ರಪ್ಪ, ಅರ್ಧ ದಾರಿಯಲ್ಲಿ ನಿದ್ದೆ ಹೋಗುತ್ತಾರೆ. ಮೇಲಧಿಕಾರಿಗಳು ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ. ನನ್ನ ನೆಮ್ಮದಿ ಕೆಡಿಸಿದವರು ಇವರಿಬ್ಬರೂ ಅಲ್ಲ. ಊಟದ ಕ್ಯಾರಿಯರ್‌ಗಳು. ಹಾಗೆಂದರೆ ಹುಡುಗರು ನಗುತ್ತಾರೆ. ನಗಲಿ. ಬರೆದಿಟ್ಟರೆ ಪೂರ್ತಿ ಓದಿದ ಮೇಲಾದರೂ ನಗಬಹುದು.

ಮೊದಲು ನನ್ನದೊಂದು ಪೆದ್ದು ಕೆಲಸದ ಕಥೆ. ಎಪ್ಪತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಬಸ್ಸಿನ ಮುಂದಿನ ಗಾಜಿನ ಹಿಂದೆ ತಗಡಿನ ಬೋರ್ಡು ಇಡುವುದು ಕಂಡಕ್ಟರನ ಕೆಲಸ. ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕನಾಯಕನಹಳ್ಳಿಗೆ ಹೊರಟ ಬಸ್ಸಿಗೆ ನಾನು ತುರುವೇಕೆರೆ ಬೋರ್ಡು ಇಟ್ಟುಬಿಟ್ಟೆ. ಏನೂ ಆಗಲಿಲ್ಲ. ಬಸ್ಸು ಎಂದಿನಂತೆ ಚಿಕ್ಕನಾಯಕನಹಳ್ಳಿಯ ಜನರಿಂದಲೇ ತುಂಬಿತು. ಹತ್ತುವವರೆಲ್ಲ, "ಇದು ಚಿಕ್ನಾಯ್ಕನಳ್ಳಿಗೋಯ್ತದೇನಪ್ಪ?" ಎಂದು ಕೇಳಿಯೇ ಹತ್ತಿದರು. ಬೋರ್ಡಿನ ಕಡೆಗೆ ಯಾರೂ ತಲೆ ಎತ್ತಿ ನೋಡಲಿಲ್ಲ. ಊರು ತಲುಪಿ ಇಳಿದ ಮೇಲೆ ನಮ್ಮ ಡ್ರೈವರ್ ನಂಜಪ್ಪ ಅದನ್ನು ನೋಡಿ, "ಲೇ, ತುರುವೇಕೆರೆ ಇಲ್ಲಿಗೆ ಯಾವಾಗ ಬಂತ್ಲಾ?" ಎಂದ.

ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ಎಂಬತ್ತರ ದಶಕದಲ್ಲಿ, ಅದೇ ಸ್ಟ್ಯಾಂಡಿನಲ್ಲಿ ಅದೇ ತಪ್ಪು ಮತ್ತೊಮ್ಮೆ ಮಾಡಿದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಹೊರಡುವ ಹೊತ್ತಾದರೂ ಬಸ್ಸು ಖಾಲಿ. ಜನ ಬಂದು ಬೋರ್ಡು ನೋಡಿ ಹಿಂದಕ್ಕೆ ಹೋಗುತ್ತಿದ್ದಾರೆ. ನಾನು ಕೂಗಿ ಕರೆದರೆ ಸೊಪ್ಪಿನ ಪುಟ್ಟಿ ಹೊತ್ತ ಒಬ್ಬ ಹೆಂಗಸು ನಿಂತು, "ಕಣ್ಣಿಲ್ವೇನಪ್ಪ ನಿಂಗೆ? ಬೋರ್ಡ್ ಓದ್ಕಳಕ್ಕೂ ಬರಲ್ವಾ?" ಎಂದು ಎಲ್ಲರ ಮುಂದೆ ಬೈದಳು. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ನನ್ನ ನೌಕರಿಯಲ್ಲಿ ಅದೊಂದೇ ಸಲ. ಕಂಡಕ್ಟರ್ ಇದ್ದ ಹಾಗೇ ಇದ್ದ, ಜನ ಓದುವುದು ಕಲಿತಿದ್ದರು. ಈ ಎರಡು ತಪ್ಪುಗಳ ನಡುವೆ ನಮ್ಮ ಸೀಮೆಯಲ್ಲಿ ಏನೇನು ನಡೆಯಿತು ಎಂಬುದರಲ್ಲಿ ಒಂದು ಪಾಲು ನನ್ನ ಬಸ್ಸಿನೊಳಗೇ ನಡೆಯಿತು.

ನನ್ನ ರೂಟು ಕೆಂಕೆರೆಯಿಂದ ತಿಪಟೂರಿಗೆ. ರಾತ್ರಿ ಬಸ್ಸು ಕೆಂಕೆರೆಯಲ್ಲೇ ತಂಗುತ್ತಿತ್ತು. ಬೆಳಿಗ್ಗೆ ಹೊರಟು ಹುಳಿಯಾರು, ಚಿಕ್ಕನಾಯಕನಹಳ್ಳಿ ಮೇಲೆ ತಿಪಟೂರು ಸೇರಿದರೆ ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಆಗ ಹಳ್ಳಿಗಳಲ್ಲಿ ಹೈಸ್ಕೂಲು ದಾಟಿದ ಹುಡುಗರು ಕಾಲೇಜಿಗೆಂದು ತಿಪಟೂರಿನಲ್ಲಿ ಸಣ್ಣ ಸಣ್ಣ ರೂಮು ಮಾಡಿಕೊಂಡಿರುತ್ತಿದ್ದರು. ಹೋಟೆಲಿನಲ್ಲಿ ದಿನಾ ತಿನ್ನುವಷ್ಟು ಅನುಕೂಲ ಯಾರಿಗೂ ಇರಲಿಲ್ಲ. ಆದ್ದರಿಂದ ತಾಯಂದಿರು ಕೋಳಿ ಕೂಗುವ ಹೊತ್ತಿಗೆ ಎದ್ದು ಮುದ್ದೆ, ಸಾರು, ಪಲ್ಯ ಮಾಡಿ ಕ್ಯಾರಿಯರ್‌ಗೆ ತುಂಬಿ ರಸ್ತೆಗೆ ತಂದು ನಿಲ್ಲುತ್ತಿದ್ದರು. ನಾವು ತಿಪಟೂರಿನ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇಳಿಸುತ್ತಿದ್ದೆವು. ಹುಡುಗರು ಬಂದು ತಮ್ಮ ತಮ್ಮದನ್ನು ಒಯ್ಯುತ್ತಿದ್ದರು. ಸಂಜೆ ಖಾಲಿ ಕ್ಯಾರಿಯರ್ ಊರಿಗೆ. ಹೀಗೆ ಎಷ್ಟು ಮಂದಿಯ ಪದವಿ ನಮ್ಮ ಬಸ್ಸಿನ ಬಾನೆಟ್ಟಿನ ಪಕ್ಕ ಕುಲುಕಿಕೊಂಡು ಹೋಯಿತೋ ದೇವರಿಗೇ ಗೊತ್ತು.

ಎಲ್ಲ ಕ್ಯಾರಿಯರ್‌ಗಳೂ ಸಂತೆಯಲ್ಲಿ ಕೊಂಡ ಒಂದೇ ಅಚ್ಚಿನ ಅಲ್ಯೂಮಿನಿಯಂ ಡಬ್ಬಿಗಳು. ಗುರುತಿಗೆ ಹಳೆ ಸೀರೆಯ ಅಂಚು ಹರಿದು ಹಿಡಿಗೆ ಕಟ್ಟುತ್ತಿದ್ದರು. ಹಸಿರು ಅಂಚು ಯಾರದು, ಅರಿಶಿನದ್ದು ಯಾರದು ಎಂದು ನನಗೆ ಬಾಯಿಪಾಠ. ಇನ್ನೊಂದು ಪಾಠವೂ ಇತ್ತು, ಅದನ್ನು ಯಾವ ಮೇಲಧಿಕಾರಿಯೂ ಹೇಳಿಕೊಟ್ಟಿರಲಿಲ್ಲ. ಊರೊಳಗಿನವರ ಕ್ಯಾರಿಯರ್ ಮುಂದೆ, ಡ್ರೈವರ್ ಪಕ್ಕ. ಕೇರಿಯವರದು ಹಿಂದೆ, ಬಾಗಿಲ ಮೆಟ್ಟಿಲ ಹತ್ತಿರ. ಒಂದಕ್ಕೊಂದು ತಾಗಿದರೆ ಊರಿನವರು ಮಾರನೆಯ ದಿನದಿಂದ ಬುತ್ತಿ ಕೊಡುವುದನ್ನೇ ನಿಲ್ಲಿಸಿಯಾರು ಎಂಬ ಭಯ. ಜನರೆಲ್ಲ ಒಂದೇ ಸೀಟಿನಲ್ಲಿ ಮೈಗೆ ಮೈ ತಾಗಿಸಿ ಕೂರಬೇಕಾದ ಬಸ್ಸಿನಲ್ಲಿ ಡಬ್ಬಿಗಳು ಮಾತ್ರ ಮಡಿ!

ಹುಳಿಯಾರು ದಾಟಿದ ಮೇಲೆ ಹೊನ್ನೇಮರದ ಗೇಟು ಸಿಗುತ್ತಿತ್ತು. ಗೇಟು ಎಂದರೆ ಏನೂ ಇರಲಿಲ್ಲ, ಹಳ್ಳಿಗೆ ತಿರುಗುವ ಮಣ್ಣುದಾರಿ, ಒಂದು ಮರ, ಅಷ್ಟೇ. ಅಲ್ಲಿಂದ ಎರಡು ಕ್ಯಾರಿಯರ್ ಬರುತ್ತಿದ್ದವು. ಹಸಿರು ಅಂಚಿನದು ಗಂಗಮ್ಮನವರದು. ಅವರ ಗಂಡ ಶಿವಲಿಂಗಪ್ಪನವರಿಗೆ ದೊಡ್ಡ ತೆಂಗಿನ ತೋಟ, ಊರಿನಲ್ಲಿ ದೊಡ್ಡ ಮಾತು, ಎಲ್ಲರ ಬಾಯಲ್ಲೂ ಗೌಡ್ರು. ಮಾಂಸ ಮುಟ್ಟದ, ಪೂಜೆಯಿಲ್ಲದೆ ನೀರು ಕುಡಿಯದ ಮನೆ. ಮಗ ಮಹೇಶ ಎರಡನೆಯ ಪಿ.ಯು.ಸಿ. ಕೆಂಪು ಅಂಚಿನದು ಕೇರಿಯ ಹೊನ್ನಮ್ಮನದು. ಅವಳ ಗಂಡ ಮುದ್ದಯ್ಯ ಶಿವಲಿಂಗಪ್ಪನವರ ತೋಟದಲ್ಲೇ ಕಾಯಿ ಸುಲಿಯುತ್ತಿದ್ದ. ಮಗ ರಂಗಸ್ವಾಮಿ ಮಹೇಶನ ಕ್ಲಾಸಿನಲ್ಲೇ ಇದ್ದ. ಆ ವರ್ಷ ರಂಗನಿಗೆ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿರಲಿಲ್ಲ. "ಟೇಸನ್ ತಾವ ನಮ್ಮೋರ ಮನೇಲಿ ಮಲೀಕತಾನೆ ಕಣ್ರೀ, ಹಿಟ್ಟು ಮಾತ್ರ ನಮ್ದು" ಎಂದು ಹೊನ್ನಮ್ಮ ಹೇಳಿದ್ದಳು. ಕೇರಿಯಿಂದ ಅಷ್ಟು ದೂರ ಓದಲು ಹೋದ ಮೊದಲನೆಯವನು ಅವನು.

ಆ ಕಾಲದಲ್ಲಿ ನಮ್ಮ ರೂಟಿಗೆ ಒಬ್ಬ ತನಿಖಾಧಿಕಾರಿ ಬಂದರು. ನಗುವುದಕ್ಕೂ ಸರ್ಕಾರದ ಆದೇಶ ಬೇಕು ಅನ್ನುವಂಥ ಮನುಷ್ಯ. ಒಂದು ಬೆಳಿಗ್ಗೆ ಚಿಕ್ಕನಾಯಕನಹಳ್ಳಿಗೆ ಮುಂಚೆ ರಸ್ತೆಯಲ್ಲಿ ಕೈ ಅಡ್ಡ ಹಿಡಿದರು. ವಾರಸುದಾರರಿಲ್ಲದ ಸಾಮಾನು ಸಾಗಿಸುವಂತಿಲ್ಲ ಎಂಬುದು ರೂಲ್ಸು. ಅವರು ಮುಂದಿನ ಬಾಗಿಲಿಂದ ಹತ್ತುವಷ್ಟರಲ್ಲಿ ನಂಜಪ್ಪ ಹಿಂದೆ ತಿರುಗಿ, "ಎತ್ಕಳ್ರಪ್ಪೋ!" ಎಂದು ಒಂದು ಕೂಗು ಹಾಕಿದ. ಅಷ್ಟೇ. ಬಸ್ಸಿನ ಜನ ಕೈಗೆ ಸಿಕ್ಕ ಸಿಕ್ಕ ಕ್ಯಾರಿಯರ್ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಹಿಂದಿನದು ಮುಂದೆ ಬಂತು, ಮುಂದಿನದು ಹಿಂದೆ ಹೋಯಿತು.

"ಇದು ಯಾರದ್ರೀ?" ಎಂದರು ಅಧಿಕಾರಿ.

"ನಂದು."

"ಇದು?"

"ನಂದು ಕಣ್ರೀ."

ಕೊಬ್ಬರಿ ಮಾರಲು ಹೊರಟಿದ್ದ ಒಬ್ಬ ಅಜ್ಜಿಯ ತೊಡೆಯ ಮೇಲೆ ಎರಡಿದ್ದವು. "ಎರಡು ಯಾಕಮ್ಮ ನಿನಗೆ?" ಎಂದರೆ, "ವಯಸ್ಸಾದ್ಮೇಲೆ ಹಸಿವು ಜಾಸ್ತಿ ಕಣಪ್ಪ. ನೀನೂ ಉಂಡೋಗು, ಮೊಕ ಯಾಕೋ ಬಾಡೈತೆ" ಎಂದಳು. ಬಸ್ಸೆಲ್ಲ ನಕ್ಕಿತು. ಅಧಿಕಾರಿ ನಗಲಿಲ್ಲ, ಆದರೆ ಬರೆಯಲೂ ಇಲ್ಲ. ಟಿಕೆಟ್ಟು ಮಾತ್ರ ನೋಡಿ ಇಳಿದು ಹೋದರು. ನನಗೆ ಹೋದ ಜೀವ ಬಂದಂತಾಯಿತು.

ಬಂದ ಜೀವ ತಿಪಟೂರು ತಲುಪುವ ತನಕವೂ ನಿಲ್ಲಲಿಲ್ಲ. ಈ ಗಲಾಟೆಯಲ್ಲಿ ಎರಡು ಕ್ಯಾರಿಯರ್‌ಗಳ ಅಂಚು ಕಳಚಿ ಬಿದ್ದಿದ್ದವು, ಒಂದು ಹಸಿರು, ಒಂದು ಕೆಂಪು. ಹಿಂದೆ ಮುಂದೆ ನೋಡಿ, ಇದೇ ಇರಬೇಕು ಎಂದು ಅಂದಾಜಿನ ಮೇಲೆ ಕಟ್ಟಿ ಟೀ ಅಂಗಡಿಯಲ್ಲಿ ಇಟ್ಟೆ. ಹುಡುಗರು ಒಯ್ದರು. ಮಧ್ಯಾಹ್ನ ನಾನು ಊಟಕ್ಕೆ ಕೈ ತೊಳೆಯುವಾಗ ಹೊನ್ನಮ್ಮ ಬೆಳಿಗ್ಗೆ ಹೇಳಿದ್ದ ಮಾತು ನೆನಪಾಯಿತು. "ಸಾರು ಚೆಲ್ದಂಗೆ ನೋಡ್ಕಳಿ ಕಂಡಕ್ಟ್ರೇ, ನೆನ್ನೆ ನಮ್ಮಲ್ಲಿ ಹಬ್ಬ, ಮರಿ ಕುಯ್ದಿದ್ರು." ಆಮೇಲೆ ನೆನಪಾದದ್ದು, ನಾನು ಹಸಿರು ಅಂಚು ಕಟ್ಟುವಾಗ ಮೂಗಿಗೆ ಬಡಿದಿದ್ದ ಮಸಾಲೆಯ ವಾಸನೆ.

ಶಿವಲಿಂಗಪ್ಪನವರ ಮಗನಿಗೆ ಬಾಡಿನ ಸಾರು! ಊಟ ಬಿಟ್ಟು ಓಡಿದೆ. ಮಹೇಶನ ರೂಮು ಒಂದು ಕೊಬ್ಬರಿ ಗೋದಾಮಿನ ಹಿಂದೆ ಇತ್ತು. ಹಿಂದೊಮ್ಮೆ ಅವನ ಹಾಸಿಗೆ ತಲುಪಿಸಲು ಹೋಗಿದ್ದರಿಂದ ದಾರಿ ಗೊತ್ತಿತ್ತು. ಬಾಗಿಲು ತಳ್ಳಿದರೆ ಒಳಗೆ ಇಬ್ಬರೂ ಇದ್ದಾರೆ. ಮಹೇಶ, ರಂಗ. ನಡುವೆ ಎರಡು ಕ್ಯಾರಿಯರ್ ಬಿಚ್ಚಿ ಹರಡಿವೆ. ಮೂಲೆಯಲ್ಲಿ ಎರಡು ಹಾಸಿಗೆ ಸುತ್ತಿಟ್ಟಿವೆ. ಗೂಟಕ್ಕೆ ಎರಡು ಜೊತೆ ಬಟ್ಟೆ.

ರಂಗನ ಮುಖ ಬಿಳಚಿಕೊಂಡಿತು. ಮಹೇಶನೇ ಮಾತಾಡಿದ. "ಚಂದ್ರಣ್ಣ, ಅದಲುಬದಲು ಆಯ್ತು ಅಂತ ಓಡಿ ಬಂದ್ರಾ? ಒಳ್ಳೇದೇ ಆಯ್ತು ಬುಡಿ. ದಿನಾ ನಾವೇ ಮಾಡ್ಕತಿದ್ವಿ."

ಆಗ ತಿಳಿಯಿತು. ಸ್ಟೇಷನ್ ಹತ್ತಿರದ ನೆಂಟರು ದಸರಾ ಹೊತ್ತಿಗೇ ಮನೆ ಖಾಲಿ ಮಾಡಿದ್ದರು. ರಂಗ ಪುಸ್ತಕ ಕಟ್ಟಿಕೊಂಡು ಊರಿಗೆ ಹೊರಟಿದ್ದನಂತೆ. ಮಹೇಶ ಸ್ಟ್ಯಾಂಡಿನಲ್ಲಿ ಅವನನ್ನು ಕಂಡು ಕೈ ಹಿಡಿದು ರೂಮಿಗೆ ಕರೆತಂದಿದ್ದ. ಎರಡೂ ಮನೆಗೆ ಹೇಳಿರಲಿಲ್ಲ. ಸ್ಟ್ಯಾಂಡಿಗೂ ಒಟ್ಟಿಗೆ ಬರದೆ ಒಬ್ಬರಾದ ಮೇಲೆ ಒಬ್ಬರು ಬಂದು ಕ್ಯಾರಿಯರ್ ಒಯ್ಯುತ್ತಿದ್ದರು. ನಾನು ಬಸ್ಸಿನಲ್ಲಿ ಒಂದಕ್ಕೊಂದು ತಾಗದಂತೆ ಅಷ್ಟು ಜೋಪಾನ ಮಾಡುತ್ತಿದ್ದ ಎರಡು ಡಬ್ಬಿಗಳು ದಿನಾ ಮಧ್ಯಾಹ್ನ ಒಂದೇ ಚಾಪೆಯ ಮೇಲೆ ಕೂಡುತ್ತಿದ್ದವು! ನನಗೆ ನಗು ಬಂತು. ಬಾಡಿನ ಸಾರು ಯಾರು ಉಂಡರು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಹೊರಡುವಾಗ ರಂಗ ಬಾಗಿಲ ತನಕ ಬಂದ. "ಅಣ್ಣಾ, ಇದು ಗೌಡ್ರಿಗೆ ಗೊತ್ತಾದ್ರೆ ನಾನು ಇಲ್ಲಿರಕ್ಕಾಗಲ್ಲ. ಪರೀಕ್ಷೆಗೆ ಇನ್ನು ಎರಡು ತಿಂಗ್ಳು ಐತೆ. ಈಗ ಊರಿಗೋದ್ರೆ ಅಪ್ಪನ ಪಕ್ಕ ಕಾಯಿ ಸುಲ್ಯದೇ" ಎಂದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮಾತು ಕೊಡುವುದು ಸುಲಭ. ಮಾರನೆಯ ದಿನದಿಂದ ಹೊನ್ನೇಮರದ ಗೇಟು ಬಂತೆಂದರೆ ನನಗೆ ಎದೆ ಡವಡವ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಗಂಗಮ್ಮನವರು "ಮಗ ಚೆನ್ನಾಗವ್ನಾ?" ಎಂದು ಕೇಳಿದರೂ ನಾನು ಬೆವರುತ್ತಿದ್ದೆ. "ಅವ್ನು ಒಬ್ನೇ ಅವ್ನೆ, ಚೆನ್ನಾಗವ್ನೆ" ಎಂದು ಒಮ್ಮೆ ಹೇಳಿಬಿಟ್ಟೆ. ಕೇಳದ ಪ್ರಶ್ನೆಗೂ ಉತ್ತರ! ನಂಜಪ್ಪ ಸ್ಟೀರಿಂಗ್ ಹಿಡಿದೇ ತಲೆ ಚಚ್ಚಿಕೊಂಡ.

ಪರೀಕ್ಷೆ ಹತ್ತಿರವಾಗಿತ್ತು. ಒಂದು ಮಾರುಕಟ್ಟೆ ದಿನ ಬೆಳಿಗ್ಗೆ ಗೇಟಿನಲ್ಲಿ ಗಂಗಮ್ಮನವರ ಬದಲು ಶಿವಲಿಂಗಪ್ಪನವರೇ ನಿಂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಪಕ್ಕದಲ್ಲಿ ಕೊಬ್ಬರಿ ಚೀಲ, ಕೈಯಲ್ಲಿ ಹಸಿರು ಅಂಚಿನ ಕ್ಯಾರಿಯರ್. ನಾನು ಕೈ ಚಾಚಿದರೆ ಕೊಡಲಿಲ್ಲ. "ಇವತ್ತು ನಾನೇ ಒಯ್ತೀನಿ" ಎಂದು ಮುಂದಿನ ಸೀಟಿನಲ್ಲಿ ಕೂತರು. ಹೊನ್ನಮ್ಮ ಕೆಂಪು ಅಂಚಿನದನ್ನು ನನ್ನ ಕೈಗೆ ಕೊಟ್ಟು ದೂರ ಸರಿದಳು.

ಸ್ವಲ್ಪ ದೂರ ಹೋದ ಮೇಲೆ ಅವರು ನನ್ನನ್ನು ಹತ್ತಿರ ಕರೆದರು. "ಚಂದ್ರಣ್ಣ, ನನ್ ಮಗನ ರೂಮಲ್ಲಿ ಇನ್ಯಾರೋ ಅವ್ರಂತಲ್ಲ. ಮಾರ್ಕೆಟ್ಟಾಗೆ ಯಾರೋ ಅಂದ್ರು. ನಿಂಗೇನಾರ ಗೊತ್ತಾ?"

"ನಂಗೆಲ್ಲಿ ಗೊತ್ತಾಯ್ತದೆ ಗೌಡ್ರೇ? ನಾನು ಟಿಕೆಟ್ ಹರಿಯೋನು" ಎಂದೆ.

ಆ ದಾರಿ ಪೂರ್ತಿ ನಾನು ಒಂದೇ ಯೋಚನೆ ಮಾಡಿದೆ. ಅವರು ಮೊದಲು ಮಾರುಕಟ್ಟೆಗೆ ಹೋಗುತ್ತಾರೆ, ಅಷ್ಟರಲ್ಲಿ ನಾನು ರೂಮಿಗೆ ಓಡಿ ರಂಗನ ಹಾಸಿಗೆ ಬಟ್ಟೆ ಎತ್ತಿಸಿಬಿಡಬೇಕು. ತಿಪಟೂರು ತಲುಪಿದ ಕೂಡಲೇ ಓಡಿದೆ. ರೂಮಿಗೆ ಬೀಗ. ಕಾಲೇಜಿನ ಹತ್ತಿರ ಹೋದರೆ ಕ್ಲಾಸು ನಡೆಯುತ್ತಿತ್ತು, ಖಾಕಿ ಬಟ್ಟೆ ತೊಟ್ಟವನನ್ನು ಜವಾನ ಒಳಗೆ ಬಿಡಲಿಲ್ಲ. ಅಷ್ಟರಲ್ಲಿ ಸ್ಟ್ಯಾಂಡಿನ ಕಂಟ್ರೋಲರ್ ಕಡೆಯಿಂದ ಕರೆ ಬಂತು, ಮಧ್ಯದಲ್ಲಿ ತುರುವೇಕೆರೆಗೆ ಒಂದು ಟ್ರಿಪ್ ಹೊಡೆದು ಬರಬೇಕು, ಅಲ್ಲಿಯ ಕಂಡಕ್ಟರ್ ರಜೆ ಎಂದು. ಅಂಥ ಹೊತ್ತಿನಲ್ಲೇ ಮೇಲಧಿಕಾರಿಗಳಿಗೆ ನಮ್ಮ ನೆನಪಾಗುವುದು. ಹೋಗಿ ಬಂದೆ. ಆ ಟ್ರಿಪ್ಪಿನಲ್ಲಿ ಯಾರಿಗೆ ಏನು ಟಿಕೆಟ್ ಕೊಟ್ಟೆನೋ ಆಣೆಗೂ ನೆನಪಿಲ್ಲ.

ವಾಪಸ್ಸು ಬಂದು ಗೋದಾಮಿನ ಹಿಂದಿನ ಓಣಿಗೆ ತಿರುಗಿದಾಗ ಶಿವಲಿಂಗಪ್ಪನವರ ಬಿಳಿ ಪಂಚೆ ಆಗಲೇ ಬಾಗಿಲಲ್ಲಿ ಕಾಣಿಸಿತು. ತಡವಾಗಿಹೋಗಿತ್ತು. ನಾನು ಅವರ ಹಿಂದೆ ನಿಂತು ಒಳಗೆ ನೋಡಿದೆ. ಹಸಿರು ಅಂಚಿನ ಕ್ಯಾರಿಯರ್ ಅವರ ಕೈಯಲ್ಲೇ ಇತ್ತಲ್ಲ, ಹುಡುಗರ ಮುಂದೆ ಇದ್ದದ್ದು ಕೆಂಪಿನದೊಂದೇ. ಹೊನ್ನಮ್ಮನ ಮುದ್ದೆಯನ್ನು ಅರ್ಧ ಮುರಿದು ಇಬ್ಬರೂ ಉಣ್ಣುತ್ತಿದ್ದರು. ಶಿವಲಿಂಗಪ್ಪನವರ ಮಗ ಮುದ್ದಯ್ಯನ ಮನೆಯ ಡಬ್ಬಿಯೊಳಗೆ ಕೈ ಅದ್ದುತ್ತಿದ್ದ.

ರಂಗ ಎಂಜಲು ಕೈಯಲ್ಲೇ ಎದ್ದು ನಿಂತ. ಗೋಡೆಗೆ ಬೆನ್ನು ಹಚ್ಚಿ, ಹೊರಗೆ ಹೋಗಲು ದಾರಿ ಹುಡುಕಿದ. ದಾರಿಗೆ ಅಡ್ಡ ಶಿವಲಿಂಗಪ್ಪನವರು.

"ಕುಂತ್ಕಳ್ಲಾ" ಎಂದರು.

ಅವನು ಕೂರಲಿಲ್ಲ.

"ಕುಂತ್ಕ ಅಂದೆ. ಅನ್ನದ ಮುಂದ್ಲಿಂದ ಎದ್ದೋಗ್ತಾರೇನ್ಲಾ? ಯಾರು ಹೇಳ್ಕೊಟ್ರು ನಿಂಗೆ?"

ರಂಗ ಕೂತ. ಮಹೇಶ ಅಳುವ ದನಿಯಲ್ಲಿ, "ಅಪ್ಪಾ, ಇವನಿಲ್ದಿದ್ರೆ ನಾನು ಲೆಕ್ಕದಾಗೆ ಹೋಗ್ಬುಡ್ತಿದ್ದೆ. ಇವನೇ ಹೇಳ್ಕೊಡದು" ಎಂದ.

"ನಾನು ಅದು ಕೇಳಿದ್ನಾ? ಉಣ್ಣು" ಎಂದರು ಶಿವಲಿಂಗಪ್ಪನವರು. ಕೈಯಲ್ಲಿದ್ದ ಕ್ಯಾರಿಯರನ್ನು ಹೊಸಿಲಿನ ಒಳಗೆ ಇಟ್ಟು ಹೊರಗೆ ಬಂದು ಕಲ್ಲುಚಪ್ಪಡಿಯ ಮೇಲೆ ಕೂತರು. ಅವರ ಪಕ್ಕ ನಾನು. ಒಳಗೆ ಹುಡುಗರು ಉಣ್ಣುವ ಸದ್ದು ಬಹಳ ಹೊತ್ತು ಕೇಳಲಿಲ್ಲ, ಆಮೇಲೆ ಮೆಲ್ಲಗೆ ಕೇಳಿತು.

"ಮುದ್ದಯ್ಯನ ಮಗ ಅಲ್ವೇ?" ಎಂದರು.

"ಹೌದು ಗೌಡ್ರೇ."

"ಅಪ್ಪನ ಮೂಗೇ ಐತೆ. ಓದ್ತಾನಾ?"

"ಓದ್ತಾನೆ."

ಅಷ್ಟೇ ಮಾತು. ಸಂಜೆಯ ಬಸ್ಸಿನಲ್ಲಿ ಅವರು ಕಿಟಕಿಯ ಕಡೆಗೆ ಮುಖ ಮಾಡಿ ಕೂತವರು ಗೇಟು ಬರುವ ತನಕ ತಿರುಗಲಿಲ್ಲ. ಇಳಿದು ತೋಟದ ದಾರಿ ಹಿಡಿದರು. ಹುಡುಗರ ಎದುರಿಗೆ ಊಟದ ಮರ್ಯಾದೆಗೆ ಸುಮ್ಮನಿದ್ದರು, ಊರಿಗೆ ಹೋಗಿ ಮುದ್ದಯ್ಯನನ್ನು ಕರೆಸುತ್ತಾರೆ, ನಾಳೆ ರಂಗನ ಹಾಸಿಗೆ ನನ್ನ ಬಸ್ಸಿನಲ್ಲೇ ವಾಪಸ್ಸು ಬರುತ್ತದೆ ಎಂದೇ ನಾನು ತೀರ್ಮಾನಿಸಿದೆ. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬಂದಿತ್ತು ಎನ್ನುವುದನ್ನೂ ಹೇಳಬೇಕು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಮಾತೇ ಆಡದವರ ಹತ್ತಿರ ಏನು ಮಾಡುವುದು?

ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ಹೊನ್ನಮ್ಮ ಒಬ್ಬಳೇ ಇದ್ದಳು. ಅವಳಿಗೆ ಏನೂ ಗೊತ್ತಿಲ್ಲ, ಎಂದಿನ ಹಾಗೆ ನಕ್ಕು ಕ್ಯಾರಿಯರ್ ಕೊಟ್ಟಳು. ಹಸಿರು ಅಂಚಿನದು ಬಂದಿಲ್ಲ. ನಂಜಪ್ಪ ಒಂದು ಸಲ ಹಾರ್ನ್ ಹೊಡೆದ, ಇನ್ನೊಂದು ಸಲ ಹೊಡೆದ. ಯಾರೂ ಬರಲಿಲ್ಲ. ಮುಗಿಯಿತು ಎಂದುಕೊಂಡು ಸೀಟಿಯನ್ನು ಬಾಯಿಗಿಟ್ಟೆ. ಆಗ ತೋಟದ ದಾರಿಯಲ್ಲಿ ಶಿವಲಿಂಗಪ್ಪನವರು ಪಂಚೆ ಎತ್ತಿಕಟ್ಟಿ ಓಡಿ ಬರುತ್ತಿದ್ದರು. ಅವರು ಓಡಿದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಕ್ಯಾರಿಯರ್ ನನ್ನ ಕೈಗೆ ಕೊಟ್ಟು, ಬಸ್ಸಿನ ಹಿಂದಕ್ಕೆ ಕರೆದುಕೊಂಡು ಹೋಗಿ ಏದುಸಿರು ಬಿಡುತ್ತಾ ಹೇಳಿದರು.

"ಒಂದು ಮಾತು ಚಂದ್ರಣ್ಣ. ನೆನ್ನೇದು ನಮ್ಮೋಳ ಕಿವಿಗೆ ಬೀಳ್ಬಾರ್ದು. ಮಡಿ ಮೈಲಿಗೆ ಅಂತ ಪ್ರಾಣ ಬುಟ್ಬುಡ್ತಾಳೆ. ಹುಡುಗ್ರು ನೆಮ್ಮದಿಯಾಗಿ ಪರೀಕ್ಷೆ ಬರೀಲಿ. ಇಬ್ರೂ ಅಲ್ಲೇ ಇರ್ಲಿ."

"ಖಂಡಿತ ಹೇಳಲ್ಲ ಗೌಡ್ರೇ" ಎಂದೆ. ಬಸ್ಸು ಹತ್ತಿದ ಮೇಲೆ ನನಗೆ ಕಣ್ಣು ಮಂಜಾಗಿ ಟಿಕೆಟ್ಟಿನ ಬಣ್ಣವೇ ಕಾಣಲಿಲ್ಲ. ನಂಜಪ್ಪನಿಗೆ ವಿಷಯ ಹೇಳಿದರೆ ಅವನೂ ಕಣ್ಣೊರೆಸಿಕೊಂಡು, ಹುಳಿಯಾರಿನ ಧೂಳು ಕಣ್ಣಿಗೆ ಬಿತ್ತು ಎಂದು ಧೂಳನ್ನು ಬೈದ. ಆ ದಿನದಿಂದ ಎಲ್ಲ ಕ್ಯಾರಿಯರ್‌ಗಳನ್ನೂ ಒಂದೇ ಕಡೆ, ಬಾನೆಟ್ಟಿನ ಪಕ್ಕದಲ್ಲೇ ಜೋಡಿಸಿದೆ. ಮೊದಮೊದಲು ಒಬ್ಬಿಬ್ಬರು ಮುಖ ಗಂಟಿಕ್ಕಿದರು. ಹಿಂದೆ ಜಾಗವಿಲ್ಲ, ಬೇಕಾದರೆ ಟಾಪಿನ ಮೇಲೆ ಹಾಕುತ್ತೇನೆ, ಸಾರು ಚೆಲ್ಲಿದರೆ ನನ್ನನ್ನು ಕೇಳಬೇಡಿ ಎಂದೆ. ಸಾರು ಯಾರಿಗೆ ಬೇಡ? ಸುಮ್ಮನಾದರು.

ಒಂದು ವಾರ ಕಳೆದಿರಬಹುದು. ಶಿವಲಿಂಗಪ್ಪನವರು ನೆಂಟರ ಮದುವೆಗೆ ಹೋಗಿದ್ದರು. ಗಂಗಮ್ಮನವರು ಕ್ಯಾರಿಯರ್ ಕೊಡುವಾಗ ದನಿ ತಗ್ಗಿಸಿದರು. "ಕಂಡಕ್ಟ್ರೇ, ಇದ್ರಾಗೆ ಮುದ್ದೆ ಜಾಸ್ತಿ ಇಟ್ಟೀವ್ನಿ. ಆ ಇನ್ನೊಂದು ಹುಡುಗಂಗೂ ಆಗ್ಲಿ ಅಂತ."

ಊದಲು ಎತ್ತಿದ್ದ ಸೀಟಿಯನ್ನು ಕೆಳಗಿಳಿಸಿದೆ.

"ನನ್ ಮಗ ಹುಟ್ಟಿದಾಗ್ಲಿಂದ ಉಂಡ ತಟ್ಟೆ ತೊಳ್ದೋನಲ್ಲ. ಮೊದ್ಲೆಲ್ಲ ಕ್ಯಾರಿಯರ್ ಹಂಗಂಗೇ ಬರೋದು, ಹಿಡಿಯಕ್ಕಾಗ್ತಿರ್ಲಿಲ್ಲ. ಈಗ ನಾಲ್ಕೈದು ತಿಂಗ್ಳಿಂದ ಬೆಳ್ಳಿ ಬೆಳಗ್ದಂಗೆ ಬತ್ತದೆ. ಇದ್ಯಾರ್ಲಾ ತೊಳ್ಯೋರು ಅಂತ ಹಬ್ಬಕ್ಕೆ ಬಂದಾಗ ಹಿಡ್ಕಂಡು ಕೇಳ್ದೆ, ಹೇಳ್ದ. ಇಬ್ರೂ ಸರದಿ ಮೇಲೆ ತೊಳೀತಾರಂತೆ. ನಾನು ಹದ್ನೆಂಟು ವರ್ಷ ಬಯ್ದು ಕಲಿಸ್ದಿದ್ದು ಆ ಹುಡುಗ ಕಲಿಸ್ದ ನೋಡಿ." ಸ್ವಲ್ಪ ನಿಂತು, ಕಣ್ಣು ಅಗಲಿಸಿ ಸೇರಿಸಿದರು. "ನಮ್ಮ ಯಜಮಾನ್ರಿಗೆ ಮಾತ್ರ ತಿಳೀಬಾರ್ದು ಕಣ್ರೀ. ತಿಳುದ್ರೆ ಮನೆ ರಣರಂಗ ಆಯ್ತದೆ. ಆ ಹುಡುಗನ್ನ ಆಚೆಗಾಕ್ತಾರೆ."

"ಖಂಡಿತ ಹೇಳಲ್ಲ ಗಂಗಮ್ಮಾರೇ" ಎಂದೆ. 

ಗಂಡನಿಗೆ ಹೆಂಡತಿಯ ಭಯ, ಹೆಂಡತಿಗೆ ಗಂಡನ ಭಯ, ಇಬ್ಬರ ಗುಟ್ಟೂ ನನ್ನ ಚರ್ಮದ ಚೀಲದಲ್ಲಿ. ಹೇಳಿಬಿಟ್ಟರೆ ಇಬ್ಬರೂ ಹಗುರಾಗುತ್ತಾರೆ ಎಂದು ಎಷ್ಟೋ ಸಲ ಅನ್ನಿಸಿತು. ನಂಜಪ್ಪ ಬೇಡ ಎಂದ. "ಸುಮ್ನಿರ್ಲಾ. ಒಬ್ರು ಒಬ್ರಿಗೆ ಹೆದ್ರಕಂಡು ಒಳ್ಳೇ ಕೆಲ್ಸ ಮಾಡ್ತಾವ್ರೆ. ಹೆದ್ರಿಕೆ ಹೋದ್ರೆ ಏನ್ ಮಾಡ್ತಾರೋ ಯಾರಿಗ್ಗೊತ್ತು?" ಎಂದ. ಅವನ ಮಾತಿನಲ್ಲೂ ಹುರುಳಿತ್ತು, ಸುಮ್ಮನಿದ್ದೆ. ಪರೀಕ್ಷೆಯ ದಿನಗಳಲ್ಲಿ ಎರಡು ಕ್ಯಾರಿಯರ್‌ಗಳೂ ತಪ್ಪದೆ ಬಂದವು. ಹೊನ್ನಮ್ಮ ಮಾತ್ರ, "ಅದ್ಯಾಕೋ ನನ್ ಮಗ ಈ ವರ್ಷ ಮೈ ಕೈ ತುಂಬ್ಕಂಡವ್ನೆ, ನಮ್ಮೋರ ಮನೇಲಿ ತುಪ್ಪ ಹಾಕ್ತಾರೇನೋ" ಎನ್ನುತ್ತಿದ್ದಳು. ನಾನು ಕೆಮ್ಮಿ ಆಚೆ ನೋಡುತ್ತಿದ್ದೆ.

ಫಲಿತಾಂಶದ ದಿನ ಬಂತು. ಹುಡುಗರು ರೂಮು ಖಾಲಿ ಮಾಡಲೆಂದು ಮೊದಲೇ ತಿಪಟೂರಿಗೆ ಬಂದಿದ್ದರು. ಸಂಜೆ ಬಸ್ಸು ಹೊರಡುವ ಹೊತ್ತಿಗೆ ಇಬ್ಬರೂ ಸ್ಟ್ಯಾಂಡಿಗೆ ಒಟ್ಟಿಗೇ ಓಡಿ ಬಂದರು. ಮಾರ್ಕ್ಸ್ ಕಾರ್ಡ್ ವಿಚಾರಿಸಲು ಇನ್ನೊಂದು ದಿನ ನಿಲ್ಲಬೇಕು, ಊರಿನಲ್ಲಿ ನೀವೇ ಹೇಳಿಬಿಡಿ ಎಂದರು. ರಂಗ ನನ್ನ ಕೈ ಹಿಡಿದು ಅಲುಗಾಡಿಸಿದ.

ಗೇಟು ಬಂದಾಗ ನಾಲ್ವರೂ ಕಾಯುತ್ತಿದ್ದರು. ಮರದ ಕೆಳಗೆ ಶಿವಲಿಂಗಪ್ಪನವರು, ಅವರಿಂದ ನಾಲ್ಕು ಮಾರು ದೂರ ಗಂಗಮ್ಮನವರು. ರಸ್ತೆಯ ಆಚೆ ಬದಿಗೆ ಹೊನ್ನಮ್ಮ, ಮುದ್ದಯ್ಯ. ನನಗೆ ಬಸ್ಸು ನಿಲ್ಲುವಷ್ಟು ತಾಳ್ಮೆ ಇರಲಿಲ್ಲ. ಮೆಟ್ಟಿಲ ಮೇಲೆ ನಿಂತು, ಕೈ ಎತ್ತಿ, ಊರಿಗೇ ಕೇಳುವಂತೆ ಕೂಗಿದೆ.

"ಇಬ್ರೂ ಪಾಸು!"

ರಸ್ತೆಯ ಆಚೆ ಹೊನ್ನಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಈಚೆ ಗಂಗಮ್ಮನವರು "ಅಪ್ಪಾ ಶಿವನೇ, ಆ ಹುಡುಗನೂ ಗೆದ್ದ" ಎಂದರು. ಶಿವಲಿಂಗಪ್ಪನವರು "ಒಟ್ಗೆ ಓದಿದ್ದು ಸಾರ್ಥಕ ಆಯ್ತು" ಎಂದು ಟವೆಲ್ಲಿನಿಂದ ಕಣ್ಣು ಒರೆಸಿದರು. ಇಬ್ಬರೂ ಎಂದರೆ ಯಾರ್ಯಾರು ಎಂದು ಒಬ್ಬರೂ ನನ್ನನ್ನು ಕೇಳಿರಲಿಲ್ಲ. ಅದು ಅವರಿಗೂ ಹೊಳೆಯಿತು. ಗಂಡ ಹೆಂಡತಿಯ ಮುಖ ನೋಡಿದರು, ಹೆಂಡತಿ ಗಂಡನ ಮುಖ ನೋಡಿದರು.

"ನಿಂಗೆ ಗೊತ್ತಿತ್ತೇನೇ?" ಎಂದರು ಶಿವಲಿಂಗಪ್ಪನವರು.

"ನಿಮಗೆ ಗೊತ್ತಿತ್ತಾ?" ಎಂದರು ಗಂಗಮ್ಮ. "ಅಯ್ಯೋ, ನಾನು ನಿಮಗೆ ಹೆದ್ರಕಂಡು ಸಾಯ್ತಿದ್ನಲ್ರೀ!"

"ನಾನು ನಿಂಗೆ ಕಣೇ" ಎಂದರು ಅವರು. ಆ ದೊಡ್ಡ ಮನುಷ್ಯ ಮರಕ್ಕೆ ಕೈ ಊರಿ, ಇಡೀ ಬಸ್ಸು ನೋಡುತ್ತಿದ್ದಂತೆ, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಬಸ್ಸು ಹೊರಡಬೇಕಿತ್ತು. ನನಗೂ ನಗು, ಅಳು ಎರಡೂ ಒಟ್ಟಿಗೇ ಬಂದು ಸೀಟಿ ಊದಲು ಉಸಿರು ಸಾಲಲಿಲ್ಲ.